ಶಿರಸಿಯಿಂದ ದೇವನಹಳ್ಳಿಗೆ: ಹಿರಿಯರ ವಿದೇಶ ಪ್ರಯಾಣಕ್ಕೊಂದು ಸಮಯದ ಲೆಕ್ಕ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಈಗ ಬಹಳಷ್ಟು ಮನೆಗಳ ಮಕ್ಕಳು ಹೊರದೇಶಗಳಲ್ಲಿ ನೆಲೆಸಿದ್ದಾರೆ. ಮಗಳ ಬಾಣಂತನಕ್ಕೆಂದೋ ಮಗನ ಹೊಸ ಮನೆಯ ಗೃಹಪ್ರವೇಶಕ್ಕೆಂದೋ ಅರವತ್ತು ದಾಟಿದ ಅಪ್ಪ-ಅಮ್ಮ ಇಬ್ಬರೇ ವಿಮಾನ ಹತ್ತಿ ಅಮೆರಿಕಕ್ಕೋ ಯುರೋಪಿಗೋ ಹೋಗಿಬರುವುದು ನಮ್ಮಲ್ಲಿ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಮಕ್ಕಳು ಅಲ್ಲಿಂದಲೇ ಟಿಕೆಟ್ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಮನೆಯಿಂದ ಎಷ್ಟು ಹೊತ್ತಿಗೆ ಹೊರಡಬೇಕು, ದೇವನಹಳ್ಳಿಯ ವಿಮಾನ ನಿಲ್ದಾಣದ ಒಳಗೆ ಹೋದ ಮೇಲೆ ಎಷ್ಟು ಸಮಯ ಬೇಕು ಎಂಬ ಲೆಕ್ಕ ಮಾತ್ರ ಊರಿನಲ್ಲಿರುವ ನಮ್ಮಂಥವರ ಪಾಲಿಗೆ ಬರುತ್ತದೆ. ನೆಂಟರಿಷ್ಟರಿಗೆ, ಅಕ್ಕಪಕ್ಕದ ಮನೆಯವರಿಗೆ ಹೀಗೆ ಲೆಕ್ಕ ಹಾಕಿ ಕೊಡುತ್ತ ಬಂದದ್ದರಿಂದ ನನಗೆ ಮನವರಿಕೆಯಾದದ್ದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಟಿಕೆಟ್ಟಿನಲ್ಲಿ ಅಚ್ಚಾದ ಹೊತ್ತನ್ನು ಸರಿಯಾಗಿ ಓದಿಕೊಳ್ಳಬೇಕು. ಬೆಂಗಳೂರಿನಿಂದ ಯುರೋಪಿಗೂ ಕೊಲ್ಲಿ ದೇಶಗಳಿಗೂ ಹೋಗುವ ಬಹಳಷ್ಟು ವಿಮಾನಗಳು ಮಧ್ಯರಾತ್ರಿಯಿಂದ ನಸುಕಿನ ನಡುವೆ ಹೊರಡುತ್ತವೆ. ನಮ್ಮ ಹಿರಿಯರ ಲೆಕ್ಕದಲ್ಲಿ ದಿನ ಬದಲಾಗುವುದು ಸೂರ್ಯೋದಯಕ್ಕೆ. ಸೋಮವಾರ ರಾತ್ರಿ ಮಲಗಿ ಎರಡು ಗಂಟೆಗೆ ಎಚ್ಚರವಾದರೂ ಅದು ಅವರಿಗೆ ಸೋಮವಾರದ ರಾತ್ರಿಯೇ. ಟಿಕೆಟ್ಟಿನ ಲೆಕ್ಕದಲ್ಲಿ ಆಗಲೇ ಮಂಗಳವಾರ ಶುರುವಾಗಿ ಎರಡು ಗಂಟೆ ಕಳೆದಿರುತ್ತದೆ. 15ನೇ ತಾರೀಖು 02.30 ಎಂದು ಬರೆದಿದ್ದರೆ 14ರ ರಾತ್ರಿ ಹತ್ತು ಗಂಟೆಯ ಸುಮಾರಿಗೆ ವಿಮಾನ ನಿಲ್ದಾಣದ ಬಾಗಿಲಲ್ಲಿರಬೇಕು, ಅಂದರೆ ಶಿರಸಿಯಿಂದ 14ರ ಬೆಳಿಗ್ಗೆಯೇ ಹೊರಡಬೇಕು. ಆದ್ದರಿಂದ ನಾನು ಯಾರಿಗೆ ಬರೆದುಕೊಟ್ಟರೂ ವಿಮಾನದ ತಾರೀಖನ್ನು ಎರಡನೆಯ ಸಾಲಿನಲ್ಲಿ ಬರೆದು, ಮೊದಲ ಸಾಲಿನಲ್ಲಿ ಮನೆಯಿಂದ ಹೊರಡುವ ವಾರ, ತಾರೀಖು, ಹೊತ್ತನ್ನು ದೊಡ್ಡ ಅಕ್ಷರದಲ್ಲಿ ಬರೆಯುತ್ತೇನೆ.

ಎರಡನೆಯದಾಗಿ, ವಿಮಾನ ಹೊರಡುವ ಹೊತ್ತು ಪ್ರಯಾಣಿಕರಿಗೆ ಅಷ್ಟೇನೂ ಮುಖ್ಯವಲ್ಲ. ಅವರಿಗೆ ಮುಖ್ಯವಾದ ಹೊತ್ತುಗಳು ಎರಡು. ಚೆಕ್-ಇನ್ ಕೌಂಟರ್ ಮುಚ್ಚುವುದು ಒಂದು: ಬಹುತೇಕ ಅಂತಾರಾಷ್ಟ್ರೀಯ ವಿಮಾನಗಳಿಗೆ ಹೊರಡುವ ಒಂದು ಗಂಟೆ ಮೊದಲೇ ಅದು ಮುಚ್ಚುತ್ತದೆ, ಕೆಲವು ಕಂಪನಿಗಳು 75 ಅಥವಾ 90 ನಿಮಿಷ ಮೊದಲೇ ಮುಚ್ಚುತ್ತವೆ. ಇನ್ನೊಂದು, ವಿಮಾನಕ್ಕೆ ಹತ್ತಿಸುವ ಗೇಟು ಮುಚ್ಚುವುದು. ಅದು ಸಾಮಾನ್ಯವಾಗಿ 20 ನಿಮಿಷ ಮೊದಲು. ಗೇಟು ಮುಚ್ಚುವ ಹೊತ್ತನ್ನು ಮೊದಲು ಬರೆದುಕೊಂಡು ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಹೋಗಬೇಕು. ಹಾಗೆ ಎಣಿಸುವಾಗ ಪ್ರತಿಯೊಂದು ಹಂತಕ್ಕೂ ಮನೆಯವರ ಪೈಕಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ನಡಿಗೆಯನ್ನೇ ಅಳತೆಯಾಗಿ ಇಟ್ಟುಕೊಳ್ಳಬೇಕು. ಮೂರು ಗಂಟೆ ಮೊದಲು ತಲುಪಿದರೆ ಸಾಕು ಎಂಬ ಸಾಮಾನ್ಯ ಸಲಹೆ ಮೊಬೈಲಿನಲ್ಲೇ ಎಲ್ಲವನ್ನೂ ಮಾಡಿಕೊಂಡು ಒಂದು ಬೆನ್ನುಚೀಲದೊಂದಿಗೆ ಓಡಾಡುವ ವಯಸ್ಸಿನವರಿಗೆ ಸರಿಹೋಗಬಹುದು. ಮಂಡಿನೋವಿನ ಅಮ್ಮನಿಗೆ, ಬೋರ್ಡಿನ ಇಂಗ್ಲಿಷ್ ಓದಿಕೊಂಡು ಹೋಗಬೇಕಾದ ಅಪ್ಪನಿಗೆ ನಾಲ್ಕು ಗಂಟೆ ಬೇಕೇ ಬೇಕು. ಕೌಂಟರುಗಳೂ ಸಾಮಾನ್ಯವಾಗಿ ಮೂರರಿಂದ ನಾಲ್ಕು ಗಂಟೆ ಮೊದಲೇ ತೆರೆಯುವುದರಿಂದ ಅದಕ್ಕಿಂತ ಬಹಳ ಮುಂಚೆ ಹೋಗಿ ಸಾಲಿನಲ್ಲಿ ನಿಲ್ಲುವುದರಿಂದಲೂ ಪ್ರಯೋಜನವಿಲ್ಲ.

ಈ ನಾಲ್ಕು ಗಂಟೆ ಎಲ್ಲಿ ಖರ್ಚಾಗುತ್ತದೆ ಎಂದು ಕೇಳುವವರಿದ್ದಾರೆ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ 2023ರ ಸೆಪ್ಟೆಂಬರ್ 12ರಿಂದ ಅಂತಾರಾಷ್ಟ್ರೀಯ ವಿಮಾನಗಳು ಎರಡನೆಯ ಟರ್ಮಿನಲ್ಲಿನಿಂದ ಹೊರಡುತ್ತಿವೆ. ಬಿದಿರಿನ ಚಾವಣಿ, ಮೇಲಿಂದ ತೂಗುಬಿಟ್ಟ ಗಿಡಗಳು ಇರುವ ಆ ಕಟ್ಟಡ ಕಣ್ಣಿಗೆ ಹಿತವಾಗಿದೆ, ಆದರೆ ಬಹಳ ವಿಶಾಲವಾಗಿದೆ. ಬಾಗಿಲಲ್ಲಿ ಸಿಐಎಸ್‌ಎಫ್ ಸಿಬ್ಬಂದಿ ಟಿಕೆಟ್ ಮತ್ತು ಪಾಸ್‌ಪೋರ್ಟ್ ನೋಡಿ ಒಳಗೆ ಬಿಡುತ್ತಾರೆ; ಮುಖ ತೋರಿಸಿ ಒಳಹೋಗುವ ಡಿಜಿಯಾತ್ರಾ ವ್ಯವಸ್ಥೆ ಶುರುವಾದದ್ದು ದೇಶದೊಳಗಿನ ಪ್ರಯಾಣಕ್ಕೆಂದು, ಹೊರದೇಶಕ್ಕೆ ಹೋಗುವವರು ಅದನ್ನು ನಂಬಿ ಸಮಯ ಕಡಿತ ಮಾಡಬಾರದು. ಬೀಳ್ಕೊಡಲು ಬಂದವರು ಟಿಕೆಟ್ಟಿಲ್ಲದೆ ಈ ಬಾಗಿಲನ್ನು ದಾಟುವಂತಿಲ್ಲ. ನಮ್ಮ ಕಡೆಯಿಂದ ಇಬ್ಬರು ಹೊರಟರೆ ಕಳಿಸಿಬರಲು ಒಂದು ಜೀಪು ತುಂಬ ಜನ ಬರುವುದುಂಟು. ನಮಸ್ಕಾರ, ಆಶೀರ್ವಾದ, ಫೋಟೋ ಎಲ್ಲ ಆ ಬಾಗಿಲ ಮುಂದೆ ನಡೆಯುವಾಗ ಅರ್ಧ ಗಂಟೆ ಹೇಗೆ ಕಳೆಯಿತೆಂದೇ ತಿಳಿಯುವುದಿಲ್ಲ. ಇವೆಲ್ಲವನ್ನೂ ಮನೆಯ ಜಗುಲಿಯಲ್ಲೇ ನಿಧಾನವಾಗಿ ಮುಗಿಸಿ ಹೊರಡುವುದು ಒಳ್ಳೆಯದು ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಒಳಗೆ ಹೋದ ಮೇಲೆ ಕೌಂಟರಿನಲ್ಲಿ ಪೆಟ್ಟಿಗೆಗಳ ತೂಕವಾಗುತ್ತದೆ, ವೀಸಾ ಮತ್ತು ಹಿಂತಿರುಗುವ ಟಿಕೆಟ್ಟಿನ ಪರಿಶೀಲನೆಯಾಗುತ್ತದೆ. ಹೆಸರಿನ ತೊಡಕು ಹೊರಬರುವುದೂ ಇಲ್ಲಿಯೇ. ನಮ್ಮ ಹಳೆಯ ದಾಖಲೆಗಳಲ್ಲಿ ತಂದೆಯ ಹೆಸರು, ಊರಿನ ಹೆಸರುಗಳು ಮೊದಲಕ್ಷರಗಳಾಗಿ ಕುಳಿತಿರುತ್ತವೆ. ಕೆಲವರ ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿಯಿರುತ್ತದೆ. ಮಕ್ಕಳು ಟಿಕೆಟ್ ತೆಗೆಯುವಾಗ ರೂಢಿಯ ಹೆಸರನ್ನು ಹಾಕಿದ್ದರೆ ಅದು ಪಾಸ್‌ಪೋರ್ಟಿಗೆ ಹೊಂದದೆ, ಅದನ್ನು ಸರಿಪಡಿಸಲು ಬೇರೊಂದು ಕೌಂಟರಿಗೆ ಹೋಗಿ ಕಾಯಬೇಕಾಗುತ್ತದೆ. ಟಿಕೆಟ್ ಬಂದ ದಿನವೇ ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರ ಹೋಲಿಸಿ ನೋಡಿದರೆ ಆ ಗಂಟೆ ಉಳಿಯುತ್ತದೆ.

ಪೆಟ್ಟಿಗೆಯ ವಿಷಯ ಇನ್ನೂ ದೊಡ್ಡದು. ಅಮೆರಿಕದ ದಾರಿಯಲ್ಲಿ ಸಾಮಾನ್ಯವಾಗಿ ಒಬ್ಬರಿಗೆ 23 ಕಿಲೋದ ಎರಡು ಪೆಟ್ಟಿಗೆಗಳಿಗೆ ಅವಕಾಶವಿರುತ್ತದೆ. ಮಗಳಿಗೆಂದು ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ತೊಡದೇವು, ಬಾಣಂತಿಯ ಔಷಧದ ಪುಡಿಗಳು ಎಂದು ತುಂಬುತ್ತ ಹೋದರೆ ಒಂದರಲ್ಲಿ 26 ಕಿಲೋ, ಇನ್ನೊಂದರಲ್ಲಿ 19 ಆಗಿರುತ್ತದೆ. ಆಗ ಕೌಂಟರಿನ ಎದುರು ನೆಲದ ಮೇಲೆ ಪೆಟ್ಟಿಗೆ ಬಿಚ್ಚಿ, ಸೀರೆಯ ಮಡಿಕೆಗಳ ನಡುವಿನಿಂದ ಹಪ್ಪಳದ ಕಟ್ಟುಗಳನ್ನು ಎತ್ತಿ ಇನ್ನೊಂದಕ್ಕೆ ತುರುಕಿ, ಸುತ್ತಿದ್ದ ಹಗ್ಗವನ್ನು ಮತ್ತೆ ಕಟ್ಟಿ ಏಳುವಷ್ಟರಲ್ಲಿ ಹಿಂದಿದ್ದವರೆಲ್ಲ ಮುಂದೆ ಹೋಗಿರುತ್ತಾರೆ. ಕೈಯಲ್ಲಿ ಹಿಡಿದು ತೂಗುವ ಚಿಕ್ಕ ತಕ್ಕಡಿ ಪೇಟೆಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ, ಅದು ಮನೆಯಲ್ಲಿರಲಿ. ಒಣಕೊಬ್ಬರಿಗೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳುವ ಗುಣವಿರುವುದರಿಂದ ಅದನ್ನು ಒಯ್ಯಲು ಬಿಡುವುದಿಲ್ಲ. ಪೂಜೆಗೆಂದು ಇಟ್ಟ ಕರ್ಪೂರವನ್ನೂ ಬಿಡುವುದಿಲ್ಲ, ಬೆಂಕಿಪೊಟ್ಟಣ ಪೆಟ್ಟಿಗೆಯಲ್ಲಿ ಇರಲೇಬಾರದು. ಮೊಬೈಲಿನ ಪವರ್ ಬ್ಯಾಂಕ್ ಪೆಟ್ಟಿಗೆಯಲ್ಲಿ ಸಿಕ್ಕರೆ ಪ್ರಯಾಣಿಕರನ್ನು ಹಿಂದಕ್ಕೆ ಕರೆಸಿ ಬೀಗ ತೆಗೆಸುತ್ತಾರೆ, ಅದು ಕೈಚೀಲದಲ್ಲಿಯೇ ಇರಬೇಕು. ಜೋನಿಬೆಲ್ಲ, ತುಪ್ಪ, ಉಪ್ಪಿನಕಾಯಿಯಂಥ ದ್ರವ ಅಥವಾ ಅರೆದ್ರವ ಪದಾರ್ಥಗಳು 100 ಮಿಲಿಲೀಟರಿಗಿಂತ ಹೆಚ್ಚಿದ್ದರೆ ಕೈಚೀಲಕ್ಕೆ ಸಲ್ಲುವುದಿಲ್ಲ. ಕೊಲ್ಲಿ ದೇಶಗಳಿಗೆ ಹೋಗುವವರು ಇನ್ನೊಂದನ್ನು ನೆನಪಿಡಬೇಕು: ನಮ್ಮ ಅಡಿಗೆಮನೆಯ ಸಾಧಾರಣ ಗಸಗಸೆಗೆ ಯುಎಇಯಲ್ಲಿ ನಿಷೇಧವಿದೆ, ಮಸಾಲೆ ಪೊಟ್ಟಣದಲ್ಲಿಯೂ ಅದು ಇರಕೂಡದು.

ಮುಂದಿನದು ಇಮಿಗ್ರೇಷನ್, ಅಂದರೆ ದೇಶ ಬಿಡುವ ಮುನ್ನ ಅಧಿಕಾರಿಗಳು ಪಾಸ್‌ಪೋರ್ಟ್ ಪರಿಶೀಲಿಸುವ ಹಂತ. ಅದರ ಸಾಲಿನ ಉದ್ದ ರಾತ್ರಿಯ ಹೊತ್ತಿಗೆ ತಕ್ಕಂತೆ ಬದಲಾಗುತ್ತದೆ. ಹಲವು ದೊಡ್ಡ ವಿಮಾನಗಳು ಒಂದರ ಹಿಂದೊಂದು ಹೊರಡುವ ಹೊತ್ತಿನಲ್ಲಿ ಒಂದು ಗಂಟೆ ಇಲ್ಲಿಯೇ ಹೋಗುತ್ತದೆ ಎಂದು ಹಿಡಿದುಕೊಳ್ಳಬೇಕು. ಆಗಾಗ ಹೋಗಿಬರುವವರಿಗೆ ಸರ್ಕಾರ 2024ರ ಜೂನಿನಲ್ಲಿ ದಿಲ್ಲಿಯಲ್ಲಿ ಆರಂಭಿಸಿದ ಶೀಘ್ರ ಇಮಿಗ್ರೇಷನ್ ಯೋಜನೆ 2025ರ ಜನವರಿಯಲ್ಲಿ ಬೆಂಗಳೂರಿಗೂ ಬಂದಿದೆ. ಅದಕ್ಕೆ ಮೊದಲೇ ಆನ್‌ಲೈನಿನಲ್ಲಿ ಹೆಸರು ನೋಂದಾಯಿಸಿ ಬೆರಳಚ್ಚು ಕೊಟ್ಟಿರಬೇಕು. ಒಂದೇ ಸಲ ಹೋಗುವ ಹಿರಿಯರಿಗೆ ಅದರ ತಾಪತ್ರಯ ಬೇಡ, ಆದರೆ ವರ್ಷಕ್ಕೆರಡು ಬಾರಿ ಓಡಾಡುವ ಮಕ್ಕಳು ಮಾಡಿಸಿಕೊಳ್ಳಬೇಕು. ಭಟ್ಕಳ, ಹೊನ್ನಾವರದ ಕಡೆಯಿಂದ ಕೊಲ್ಲಿಗೆ ಕೆಲಸಕ್ಕೆ ಹೋಗುವವರ ಪೈಕಿ ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಇಸಿಆರ್ ಎಂಬ ಗುರುತಿದ್ದರೆ, ವಲಸೆ ಅನುಮತಿಯ ಕಾಗದ ಕೈಯಲ್ಲಿರಬೇಕು. ಅದಿಲ್ಲದೆ ಎಷ್ಟು ಬೇಗ ತಲುಪಿದರೂ ಪ್ರಯೋಜನವಿಲ್ಲ.

ಅನಂತರ ಸೆಕ್ಯುರಿಟಿ. ದೊಡ್ಡಮ್ಮನ ಜೊತೆ ನಾನೂ ಹೋದಾಗ ಕಂಡದ್ದನ್ನು ಇಲ್ಲಿ ಹೇಳುತ್ತೇನೆ. ಅವರ ಕೈಚೀಲ ಯಂತ್ರದಿಂದ ಹೊರಬಂದ ಮೇಲೆ ಪಕ್ಕದ ಪಟ್ಟಿಗೆ ಸರಿದು ನಿಂತಿತು. ಸಿಬ್ಬಂದಿಯ ಹೆಣ್ಣುಮಗಳು ಅದರೊಳಗಿನ ಕವಳದ (ಎಲೆ-ಅಡಿಕೆಯ) ಸಂಚಿಯನ್ನು ತೆಗೆದು, ಮೊದಲು ಸುಣ್ಣದ ಡಬ್ಬಿಯ ಮುಚ್ಚಳ ಬಿಚ್ಚಿ ನೋಡಿದಳು, ಆಮೇಲೆ ಹಿತ್ತಾಳೆ ಹಿಡಿಯ ಅಡಕತ್ತರಿಯನ್ನು ಎತ್ತಿ ಹಿಡಿದು ಅದರ ಅಲಗು ತೆರೆದಳು. ಬಹಳ ಗೌರವದಿಂದಲೇ ಮಾತಾಡಿದಳು, ಆದರೆ ಅದನ್ನು ಒಳಗೆ ಬಿಡಲಾಗುವುದಿಲ್ಲ ಎಂದಳು. ಪೆಟ್ಟಿಗೆಗಳು ಆಗಲೇ ಹೋಗಿದ್ದವು. ದೊಡ್ಡಮ್ಮನ ಅತ್ತೆಯ ಕಾಲದ ಅಡಕತ್ತರಿ ಅದು. ಅವರು ಅದನ್ನು ಬಿಟ್ಟು ಹೆಜ್ಜೆಯಿಡಲು ಒಪ್ಪಲಿಲ್ಲ, ಸಮಾಧಾನ ಮಾಡಿ ಮುಂದೆ ಕರೆದೊಯ್ಯಲು ಕಾಲು ಗಂಟೆಯೇ ಬೇಕಾಯಿತು. ನಮ್ಮ ಕಡೆಯ ಹಿರಿಯರಿಗೆ ಕವಳದ ಸಂಚಿ ಸೊಂಟದಲ್ಲೋ ಕೈಚೀಲದಲ್ಲೋ ಇರುವುದೇ ಸಹಜವಾದ್ದರಿಂದ, ಹೊರಡುವ ಮುನ್ನ ಅದನ್ನು ಕೇಳಿ ತೆಗೆಸಿ ದೊಡ್ಡ ಪೆಟ್ಟಿಗೆಗೆ ಹಾಕುವುದು ಮನೆಯ ಕಿರಿಯರ ಕೆಲಸ. ಚಿನ್ನದ ಬಳೆ, ಸರ, ಹರಳಿನ ಪಿನ್ನುಗಳಿಂದಲೂ ಯಂತ್ರ ಸದ್ದು ಮಾಡುತ್ತದೆ. ಹೆಂಗಸರ ತಪಾಸಣೆ ಪರದೆಯ ಒಳಗೆ ಒಬ್ಬೊಬ್ಬರಾಗಿ ನಡೆಯುವುದರಿಂದ ಅವರ ಸಾಲು ಚಿಕ್ಕದಾಗಿ ಕಂಡರೂ ನಿಧಾನವಾಗಿಯೇ ಸರಿಯುತ್ತದೆ. ಗಂಡಸರು ಬೇಗ ಹೊರಬಂದು ಆತಂಕಪಟ್ಟು ಹುಡುಕಾಡುವುದಕ್ಕಿಂತ, ಟ್ರೇಗಳು ಬರುವ ಜಾಗದ ಹತ್ತಿರವೇ ನಿಂತಿರುವುದು ಎಂದು ಮೊದಲೇ ಮಾತಾಡಿಕೊಂಡಿರಬೇಕು.

ವ್ಹೀಲ್‌ಚೇರ್ ಬಗ್ಗೆ ಒಂದು ತಪ್ಪು ತಿಳಿವಳಿಕೆಯಿದೆ. ಅದನ್ನು ಕೇಳಿಕೊಂಡರೆ ಎಲ್ಲ ಬೇಗ ಮುಗಿಯುತ್ತದೆ, ಆದ್ದರಿಂದ ತಡವಾಗಿ ಹೋದರೂ ನಡೆಯುತ್ತದೆ ಎಂದು ಹಲವರು ಭಾವಿಸುತ್ತಾರೆ. ಸಾಲಿನಲ್ಲಿ ನಿಲ್ಲುವ ಕಷ್ಟ ತಪ್ಪುವುದು ನಿಜ, ದಾರಿ ತಪ್ಪುವ ಭಯವೂ ಇರುವುದಿಲ್ಲ. ಅದಕ್ಕಾಗಿ ನಾನು ಹಿರಿಯರಿಗೆ ಅದನ್ನು ಒತ್ತಾಯಿಸಿಯೇ ಕೇಳಿಸುತ್ತೇನೆ. ಆದರೆ ಕೌಂಟರಿನ ಹತ್ತಿರ ಕುರ್ಚಿಯೂ ತಳ್ಳುವವರೂ ಬರುವತನಕ ಕಾಯಬೇಕು, ಒಂದೇ ವಿಮಾನಕ್ಕೆ ಹಲವರು ಕೇಳಿಕೊಂಡಿದ್ದರೆ ಸರದಿ ಬರುವತನಕ ಇನ್ನಷ್ಟು ಕಾಯಬೇಕು, ಇಳಿಯುವಾಗಲೂ ಎಲ್ಲರೂ ಇಳಿದಾದ ಮೇಲೆ ಇವರ ಸರದಿ. ಕನಿಷ್ಠ 48 ಗಂಟೆ ಮೊದಲು ವಿಮಾನ ಕಂಪನಿಗೆ ತಿಳಿಸಿ, ಲೆಕ್ಕದಲ್ಲಿ ಅರ್ಧ ಗಂಟೆಯನ್ನು ಕಳೆಯುವ ಬದಲು ಸೇರಿಸಬೇಕು.

ಇನ್ನು ದಾರಿಯ ಮಾತು. ವಿಮಾನ ನಿಲ್ದಾಣದೊಳಗಿನ ನಾಲ್ಕು ಗಂಟೆಯನ್ನು ಮೀಸಲು ಹಣದಂತೆ ಬೇರೆಯೇ ತೆಗೆದಿಡಬೇಕು; ದಾರಿಯಲ್ಲಿ ತಡವಾದರೆ ಅದರಿಂದ ಒಂದಿಷ್ಟು ತೆಗೆದು ತುಂಬಿಸಿಕೊಳ್ಳೋಣ ಎಂಬ ಯೋಚನೆ ಇರಲೇಬಾರದು. ದಾರಿಗೆ ಅದರದೇ ಆದ ಹೆಚ್ಚುವರಿ ಸಮಯ ಬೇಕು. ಶಿರಸಿಯಿಂದ ಬೆಂಗಳೂರು ಸುಮಾರು 400 ಕಿಲೋಮೀಟರ್. ಹಾವೇರಿಯಲ್ಲಿ ಹೆದ್ದಾರಿ ಸೇರಿದ ಮೇಲೆ ತುಮಕೂರಿನ ತನಕ ಸರಾಗವಾಗಿ ಹೋಗಬಹುದು, ಮುಂದೆ ನಗರದೊಳಗೆ ನುಗ್ಗಿ ಹೆಬ್ಬಾಳದ ಸಂದಣಿಯಲ್ಲಿ ನಿಲ್ಲುವ ಬದಲು ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲಿಂದ ದೇವನಹಳ್ಳಿ ಸೇರುವುದು ಕಾರಿನಲ್ಲಿ ಹೋಗುವವರಿಗೆ ಅನುಕೂಲ. ನಸುಕಿನ 3.40ರ ವಿಮಾನವನ್ನು ತೆಗೆದುಕೊಳ್ಳೋಣ: ಗೇಟು ಮುಚ್ಚುವುದು 3.20ರ ಸುಮಾರಿಗೆ, ಬಾಗಿಲಿಗೆ ತಲುಪಬೇಕಾದದ್ದು ರಾತ್ರಿ 11.20ಕ್ಕೆ, ದಾರಿಗೆ ಎಂಟು ಗಂಟೆ, ಊಟ ತಿಂಡಿಗೆ ಒಂದು ಗಂಟೆ, ಟೈರು ಪಂಕ್ಚರ್, ಮಳೆ, ಟ್ರಾಫಿಕ್ಕಿಗೆಂದು ಎರಡು ಗಂಟೆ ಸೇರಿಸಿದರೆ ಮಧ್ಯಾಹ್ನ 12.20ಕ್ಕೆ ಕಾರು ಅಂಗಳ ಬಿಟ್ಟಿರಬೇಕು. ಹೊರಡುವ ಹೊತ್ತಿಗೆ ರಾಹುಕಾಲ ಬಂದರೆ ಅದು ಮುಗಿಯಲಿ ಎಂದು ಕಾಯುವುದು ಬೇಡ. ಒಳ್ಳೆಯ ಗಳಿಗೆಯಲ್ಲಿ ಒಂದು ಚೀಲವನ್ನು ಪಕ್ಕದ ಮನೆಯಲ್ಲಿ ಪರಸ್ಥಾನ ಇಟ್ಟು ಬರುವ ಪದ್ಧತಿ ಹಿರಿಯರಿಗೆ ಗೊತ್ತೇ ಇದೆ, ಅದನ್ನು ಪಾಲಿಸಿದರೆ ಮನಸ್ಸಿಗೂ ನೆಮ್ಮದಿ, ಹೊತ್ತೂ ತಪ್ಪುವುದಿಲ್ಲ. ನನ್ನ ನಿಜವಾದ ಸಲಹೆಯೆಂದರೆ, ಎಪ್ಪತ್ತರ ಆಸುಪಾಸಿನವರು ಹಿಂದಿನ ರಾತ್ರಿಯ ಬಸ್ಸಿಗೆ ಹೋಗಿ, ಬೆಂಗಳೂರಿನ ನೆಂಟರ ಮನೆಯಲ್ಲಿ ಹಗಲಿಡೀ ವಿಶ್ರಾಂತಿ ಪಡೆದು, ರಾತ್ರಿ ಅಲ್ಲಿಂದ ಹೊರಡುವುದು. ಹನ್ನೊಂದು ಗಂಟೆ ಕಾರಿನಲ್ಲಿ ಕುಳಿತು ಬಂದ ಕಾಲುಗಳಿಗೆ ಮತ್ತೆ ಇಪ್ಪತ್ತು ಗಂಟೆ ವಿಮಾನದಲ್ಲಿ ಕುಳಿತುಕೊಳ್ಳುವುದು ಸುಲಭವಲ್ಲ.

ಮಳೆಗಾಲದಲ್ಲಿ ಘಟ್ಟದ ಕೆಳಗಿನವರ ಲೆಕ್ಕ ಬೇರೆಯೇ ಆಗುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಪ್ರಾಣಹಾನಿಯಾದಾಗ ಕರಾವಳಿಯ ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತು. ಮೂರೇ ವಾರಗಳ ನಂತರ, ಆಗಸ್ಟ್ 7ರ ನಸುಕಿನಲ್ಲಿ, ಕಾರವಾರ ಮತ್ತು ಸದಾಶಿವಗಡದ ನಡುವೆ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಗೋವಾದ ದಾರಿಯ ಸಂಚಾರ ಅಸ್ತವ್ಯಸ್ತವಾಯಿತು. ಇಂಥ ದಿನಗಳನ್ನು ಯಾರೂ ಮುಂಗಾಣಲಾರರು. ಆದರೆ ಜೂನಿನಿಂದ ಸೆಪ್ಟೆಂಬರಿನ ತನಕ ಅರಬೈಲು ಘಟ್ಟವನ್ನೋ ದೇವಿಮನೆ ಘಟ್ಟವನ್ನೋ ಹತ್ತಿ ಹೋಗಬೇಕಾದವರು ವಿಮಾನದ ದಿನವೇ ಹೊರಡದೆ ಒಂದು ದಿನ ಮೊದಲು ಹೊರಟು ಘಟ್ಟ ದಾಟಿಕೊಂಡಿರುವುದು ಸಾಧ್ಯ, ಕೊಂಕಣ ರೈಲ್ವೆಯಲ್ಲಿ ಹೋಗುವವರು ರೈಲುಗಳ ವೇಗ ಇಳಿಸುವ ಮಳೆಗಾಲದ ವೇಳಾಪಟ್ಟಿಯನ್ನೇ ನೋಡಿಕೊಳ್ಳುವುದೂ ಸಾಧ್ಯ.

ಕಾರವಾರದವರಿಗೆ ಗೋವಾ ಹತ್ತಿರ ಎಂಬುದು ನಿಜ. ಆದರೆ ಯಾವ ಗೋವಾ ಎಂದು ಕೇಳಿಕೊಳ್ಳಬೇಕು. 2023ರ ಜನವರಿ 5ರಿಂದ ಮೋಪಾದಲ್ಲಿ ಎರಡನೆಯ ವಿಮಾನ ನಿಲ್ದಾಣ ನಡೆಯುತ್ತಿದೆ. ಹಳೆಯ ದಾಬೋಳಿ ಮಡಗಾವಿನ ಆಚೆ ವಾಸ್ಕೋದ ಬಳಿಯಿದ್ದು, ಕಾರವಾರದಿಂದ ನೂರು ಕಿಲೋಮೀಟರಿನೊಳಗೆ ಸಿಗುತ್ತದೆ. ಮೋಪಾ ಇರುವುದು ರಾಜ್ಯದ ಉತ್ತರ ತುದಿಯ ಪೆಡ್ನೆ ತಾಲೂಕಿನಲ್ಲಿ. ಅಲ್ಲಿಗೆ ಹೋಗಲು ಕಾಣಕೋಣದಿಂದ ಹಿಡಿದು ಇಡೀ ಗೋವಾವನ್ನು ಉದ್ದಕ್ಕೂ ದಾಟಬೇಕು. ಟಿಕೆಟ್ಟಿನಲ್ಲಿ ಜಿಒಐ ಎಂದಿದ್ದರೆ ದಾಬೋಳಿ, ಜಿಒಎಕ್ಸ್ ಎಂದಿದ್ದರೆ ಮೋಪಾ. ಬಾಡಿಗೆ ಕಾರಿನವರಿಗೆ ಬರೀ ‘ಗೋವಾ ಏರ್‌ಪೋರ್ಟ್’ ಎಂದು ಹೇಳಿದರೆ ಸಾಲದು.

ನಡುವೆ ವಿಮಾನ ಬದಲಿಸುವ ಊರಿನ ಸಮಯವನ್ನು ಟಿಕೆಟ್ ತೆಗೆಯುವಾಗಲೇ ನಿರ್ಧರಿಸಬೇಕಾಗುತ್ತದೆ. ಹೊರಟ ಮೇಲೆ ಏನೂ ಮಾಡಲಾಗುವುದಿಲ್ಲ. ದುಬೈ ವಿಮಾನ ನಿಲ್ದಾಣದಲ್ಲಿ 2024ರಲ್ಲಿ ಒಂಬತ್ತು ಕೋಟಿಗೂ ಹೆಚ್ಚು ಪ್ರಯಾಣಿಕರು ಓಡಾಡಿದ್ದಾರೆ. ಅಷ್ಟು ದೊಡ್ಡ ಜಾಗದಲ್ಲಿ ಒಂದು ಗೇಟಿನಿಂದ ಇನ್ನೊಂದಕ್ಕೆ ಹೋಗಲು ಒಳಗಿನ ರೈಲನ್ನೇ ಹತ್ತಬೇಕಾದೀತು, ಸೆಕ್ಯುರಿಟಿ ಇನ್ನೊಮ್ಮೆ ಆಗುತ್ತದೆ. ಬೆಲೆ ಕಡಿಮೆಯೆಂದು ಒಂದೂಕಾಲು ಗಂಟೆಯ ಅಂತರವಿರುವ ಟಿಕೆಟ್ಟನ್ನು ಹಿರಿಯರಿಗೆ ತೆಗೆಯಬೇಡಿ ಎಂದು ಮಕ್ಕಳಲ್ಲಿ ನನ್ನ ಕಳಕಳಿಯ ಕೋರಿಕೆ. ಮೂರು ಗಂಟೆಯಾದರೂ ಇರಲಿ. ಎಲ್ಲ ಪ್ರಯಾಣವೂ ಒಂದೇ ಟಿಕೆಟ್ಟಿನಲ್ಲಿರಲಿ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವ್ಯವಸ್ಥೆ ಆಗ ಕಂಪನಿಯ ಹೊಣೆಯಾಗುತ್ತದೆ, ಬೇರೆ ಬೇರೆ ತೆಗೆದಿದ್ದರೆ ಯಾರೂ ಕೇಳುವವರಿಲ್ಲ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಪ್ರತ್ಯೇಕ ಟಿಕೆಟ್ಟಿನಲ್ಲಿ ಹಾರಿ ಅಲ್ಲಿಂದ ಮುಂದೆ ಹೋಗುವವರಿಗೂ ಇದೇ ಮಾತು ಅನ್ವಯಿಸುತ್ತದೆ, ಮೊದಲ ಟರ್ಮಿನಲ್ಲಿನಲ್ಲಿ ಇಳಿದರೆ ಲಗೇಜು ತೆಗೆದುಕೊಂಡು ಎರಡನೆಯದಕ್ಕೆ ಹೋಗುವ ಸಮಯವನ್ನೂ ಸೇರಿಸಬೇಕು.

ಅಮೆರಿಕದಲ್ಲಿ ಮೊದಲು ಇಳಿಯುವ ಊರಿನಲ್ಲಿಯೇ ಇಮಿಗ್ರೇಷನ್ ಆಗುತ್ತದೆ. ಪೆಟ್ಟಿಗೆಗಳನ್ನು ಕೊನೆಯ ಊರಿನ ತನಕ ಕಳಿಸಿದ್ದರೂ ಅಲ್ಲಿ ಎತ್ತಿಕೊಂಡು, ಕಸ್ಟಮ್ಸ್ ದಾಟಿಸಿ, ಮತ್ತೆ ಒಪ್ಪಿಸಬೇಕು. ಇದನ್ನು ಮೊದಲೇ ಹೇಳಿಕೊಟ್ಟಿಲ್ಲದಿದ್ದರೆ ಹಿರಿಯರು ಪೆಟ್ಟಿಗೆ ಬಿಟ್ಟು ನೇರ ಮುಂದೆ ನಡೆಯುತ್ತಾರೆ. ಅಬುಧಾಬಿಯ ದಾರಿಯಲ್ಲಿ ಹೋದರೆ ಈ ತಪಾಸಣೆ ಅಬುಧಾಬಿಯಲ್ಲಿಯೇ ಮುಗಿಯುತ್ತದೆ, ಹಾಗಾಗಿ ಅಲ್ಲಿನ ಅಂತರ ಇನ್ನೂ ಹೆಚ್ಚಿರಬೇಕು. ಟಿಕೆಟ್ಟಿನಲ್ಲಿರುವುದೆಲ್ಲ ಆಯಾ ಊರಿನ ಹೊತ್ತು. ಯುಎಇ ನಮಗಿಂತ ಒಂದೂವರೆ ಗಂಟೆ ಹಿಂದೆ, ಕತಾರ್ ಎರಡೂವರೆ ಗಂಟೆ ಹಿಂದೆ ಇದೆ. ಕೈಗಡಿಯಾರವನ್ನು ವಿಮಾನದಲ್ಲಿಯೇ ತಿರುಗಿಸಿಕೊಂಡರೆ ಗೊಂದಲವಿಲ್ಲ.

ಹಿಂತಿರುಗುವ ದಿನದ ಲೆಕ್ಕವನ್ನು ಬಹಳಷ್ಟು ಮಂದಿ ಮಾಡುವುದೇ ಇಲ್ಲ. ಬೆಂಗಳೂರಿನಲ್ಲಿ ವಿಮಾನ ಇಳಿದ ಮೇಲೆ ಇಮಿಗ್ರೇಷನ್, ಪೆಟ್ಟಿಗೆ, ಕಸ್ಟಮ್ಸ್ ಮುಗಿಸಿ ಹೊರಬರಲು ಒಂದೂವರೆಯಿಂದ ಎರಡು ಗಂಟೆ, ಅಲ್ಲಿಂದ ವಾಯುವಜ್ರ ಬಸ್ಸಿನಲ್ಲಿ ಮೆಜೆಸ್ಟಿಕ್ಕಿಗೆ ಬರಲು ಸಂಜೆಯ ಹೊತ್ತಿನಲ್ಲಿ ಇನ್ನೆರಡು ಗಂಟೆ ಹಿಡಿದುಕೊಳ್ಳಬೇಕು. ವಿಮಾನವೇ ಮೂರು ಗಂಟೆ ತಡವಾಗಿ ಬರುವುದೂ ಇದೆ. ಮಧ್ಯಾಹ್ನಕ್ಕೆ ಮುಂಚೆ ಇಳಿಯುವ ವಿಮಾನವಾದರೆ ಅದೇ ರಾತ್ರಿಯ ಶಿರಸಿ ಬಸ್ಸಿಗೆ ಸೀಟು ಕಾದಿರಿಸಬಹುದು. ಸಂಜೆ ಇಳಿಯುವುದಾದರೆ ಆ ರಾತ್ರಿ ಬೆಂಗಳೂರಿನಲ್ಲೇ ಉಳಿದು ಮರುದಿನದ ಬಸ್ಸಿಗೆ ಕಾದಿರಿಸಿ.